ಆಯಿ ಭಾವಚಿತ್ರ: ಹಿಂದಿನ ಗುಡ್ಡ ಮುಂದೆ ಬರ್ತಿದೆ, ಏನು ಮಾಡಲಿ?

ಕೆಂಪುಗುಡ್ಡ, ಬಾಗಲಕೋಟೆ:
ಎಣ್ಣೆಬಣ್ಣ ಹಿಡಿದು ಆರು ತಿಂಗಳಾಯ್ತು. 18×24 ಇಂಚಿನ ಕ್ಯಾನ್ವಾಸಿನಲ್ಲಿ ನಮ್ಮ ಆಯಿಯನ್ನು ಬರೆಯುತ್ತಿದ್ದೇನೆ. ಇಳಕಲ್ ಸೀರೆ, ತಲೆ ಮೇಲೆ ಸೆರಗು. ಹಿಂದೆ ಬಾದಾಮಿಯ ಅಗಸ್ತ್ಯ ತೀರ್ಥ ಕೆರೆ, ಅದರ ದಂಡೆಯ ಭೂತನಾಥ ಗುಡಿ, ಗುಡ್ಡ. ಮುಖ ಮುಗಿಸಿ, ಪೂರ್ತಿ ಒಣಗಿದ ಮೇಲೆ ಸುತ್ತ ಹಿನ್ನೆಲೆ ತುಂಬಿದೆ. ಈಗ ಜಾತ್ರೆ ಸ್ಟುಡಿಯೋದ ಪರದೆ ಮುಂದೆ ಕೂರಿಸಿದ ಹಾಗೆ ಕಾಣುತ್ತಿದೆ. ಗುಡ್ಡಕ್ಕೆ ಬರ್ಂಟ್ ಸಿಯೆನ್ನಾ (ಕೆಂಪುಗಂದು ಬಣ್ಣ) ಜೊತೆ ಕೆಂಪು ಹಾಕಿದ್ದೆ. ಎಲ್ಲಿ ತಪ್ಪಿದೆ?

ಹಳೇಕುಂಚ, ವಿಜಯಪುರ:
ಮುಖ ಚೆನ್ನಾಗಿದೆ ರೀ, ಅದನ್ನು ಮುಟ್ಟಬೇಡಿ. ಒಣಗಿದ ಮುಖದ ಸುತ್ತ ಬಣ್ಣ ತುಂಬಿದ್ದಕ್ಕೆ ಅಂಚು ಎಲ್ಲಾ ಕಡೆ ಒಂದೇ ಥರ ಚೂಪಾಗಿದೆ. ಬೆಳಕಿನ ಕಡೆಯ ಕೆನ್ನೆ ಚೂಪಾಗಿಯೇ ಇರಲಿ. ನೆರಳಿನ ಕಡೆ ಸೆರಗಿನ ಅಂಚಿಗೆ ತೆಳುವಾಗಿ ಲಿನ್ಸೀಡ್ (ಅಗಸೆ) ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ. ಆಮೇಲೆ ಸೀರೆ ಬಣ್ಣ, ಹಿನ್ನೆಲೆ ಬಣ್ಣ ಎರಡನ್ನೂ ಹಸಿಯಾಗಿಯೇ ಪಕ್ಕಪಕ್ಕ ಹಚ್ಚಿ, ಒಣ ಮೆತ್ತನೆ ಕುಂಚದಿಂದ ಒಂದೇ ಸಲ ಎಳೆಯಿರಿ. ಮೇಲಿನ ಪದರಕ್ಕೆ, ಬಣ್ಣ ತೆಳುಮಾಡುವ ಟರ್ಪೆಂಟೈನ್ ಜಾಸ್ತಿ ಬೆರೆಸಬೇಡಿ. ಕೆಳಗಿನದಕ್ಕಿಂತ ಎಣ್ಣೆ ಕಡಿಮೆಯಾದರೆ ಮುಂದೆ ಬಿರುಕು ಬಿಡುತ್ತದೆ.

ಇನ್ನು ಗುಡ್ಡ. ಬಾದಾಮಿ ಕಲ್ಲು ಕೆಂಪೇ, ಒಪ್ಪಿದೆ. ಆದರೆ ನಡುವೆ ಗಾಳಿ, ಧೂಳು ಇದೆ ಅಲ್ವಾ? ದೂರ ಹೋದಷ್ಟೂ ಬಣ್ಣ ಪೇಲವವಾಗಿ ನೀಲಿಗೆ ತಿರುಗುತ್ತದೆ. ಮೊನಾಲಿಸಾ ಹಿಂದಿನ ಬೆಟ್ಟ ನೋಡಿ. ಹತ್ತಿರದ ದಾರಿ ಕಂದು, ತುದಿಯ ಬೆಟ್ಟ ಮಂಜಿನಂಥ ನೀಲಿ. ನಿಮ್ಮ ಕೆಂಪಿಗೆ ಬಿಳಿ, ಚೂರು ಅಲ್ಟ್ರಾಮರೀನ್ ನೀಲಿ ಬೆರೆಸಿ. ಗುಡ್ಡದ ಅತಿ ಕಪ್ಪು ಜಾಗವೂ ಆಯಿಯ ಸೆರಗಿನ ನೆರಳಿಗಿಂತ ತಿಳಿಯಾಗಿರಲಿ. ಕಣ್ಣು ಅರೆಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಬಣ್ಣದಡಬ್ಬಿ, ಬೆಳಗಾವಿ:
ಒಂದು ಅನುಮಾನ. ನೀವು ನೋಡಿ ಬರೆದ ಗುಡಿ ಫೋಟೋ ಸಂಜೆಯದಾ?

ಕೆಂಪುಗುಡ್ಡ:
ಹೌದು ಅಕ್ಕಾ, ಈಚೆ ದಂಡೆಯಿಂದ ತೆಗೆದಿದ್ದು. ಆಯಿ ಫೋಟೋ ಪಡಸಾಲೆಯಲ್ಲಿ, ಎಡಗಡೆ ಬಾಗಿಲ ಬೆಳಕಲ್ಲಿ.

ಬಣ್ಣದಡಬ್ಬಿ:
ಅದೇ ನೋಡ್ರಿ. ಗುಡಿ ಇರೋದು ಪೂರ್ವ ದಂಡೆಯಲ್ಲಿ. ಸಂಜೆ ಬಿಸಿಲು ನೇರ ಅದರ ಮೇಲೆ ಬಿದ್ದು ಗುಡ್ಡವೆಲ್ಲ ಉರಿಯುತ್ತದೆ. ಮುಖಕ್ಕೆ ಒಂದು ಬೆಳಕು, ಗುಡಿಗೆ ಇನ್ನೊಂದು ಬೆಳಕು ಆದರೆ ಹೊಂದೋದಿಲ್ಲ. ಬೆಳಗ್ಗೆ ಬೇಗ ಹೋಗಿ ತೆಗೆಯಿರಿ, ಸೂರ್ಯ ಗುಡ್ಡದ ಹಿಂದಿರುತ್ತಾನೆ, ಕೆಂಪು ತಾನೇ ಅಡಗಿರುತ್ತದೆ. ಮತ್ತೆ, ಆಚೆ ದಂಡೆಯ ನೀರಿನ ಗೆರೆ ಆಯಿಯ ಕುತ್ತಿಗೆಗೆ ಸರಿಯಾಗಿ ಬಂದಿದೆ. ಕತ್ತು ಕೊಯ್ದ ಹಾಗೆ ಕಾಣುತ್ತೆ! ಭುಜಕ್ಕಿಂತ ಕೆಳಗಿಳಿಸಿ.

ಕೆಂಪುಗುಡ್ಡ:
ಗೆರೆ ಇಳಿಸಿದೆ, ಗುಡ್ಡಕ್ಕೆ ನೀಲಿ ಹಾಕಿದೆ. ನೆರಳಿನ ಕಡೆ ಸೆರಗು ಕರಗಿ ಹಿಂದಕ್ಕೆ ಸೇರಿಕೊಂಡಿತು, ಮುಖ ಎದ್ದು ಬಂತು. ಆಯಿ ನೋಡಿ "ಗುಡ್ಡಕ್ಕ ಯಾಕೋ ಮಂಜ ಮುಸುಕೇತಿ" ಅಂದಳು. ಗುಡಿ ಮಾತ್ರ ಹಾಗೇ ಬಿಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಬಾದಾಮಿ ಬಸ್ಸು.