ಪದಚರ್ಚೆ: ‘ಬ್ರೇನ್ ಆರ್ಗನಾಯ್ಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನರರೋಗಗಳ ಸಂಶೋಧನೆಗೆಂದು ರಕ್ತ ಕೊಡುವ ರೋಗಿಗಳು ಮತ್ತು ಅವರ ಮನೆಯವರು ಓದಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ಸಾಲು ಹೀಗಿದೆ: ‘ನಿಮ್ಮ ರಕ್ತದ ಕೋಶಗಳಿಂದ ಪ್ರಯೋಗಾಲಯದಲ್ಲಿ ಬ್ರೇನ್ ಆರ್ಗನಾಯ್ಡ್‌ಗಳನ್ನು ಬೆಳೆಸಬಹುದು.’ ಹಿಂದಿನ ಕರಡಿನಲ್ಲಿ ಇದು ‘ಕಿರುಮೆದುಳು’ ಆಗಿದೆ. ಸುದ್ದಿಗಳಲ್ಲಿ ‘ಮಿನಿ ಮೆದುಳು’ ಎಂದೂ ಕಾಣುತ್ತದೆ. ಎರಡೂ ಬೇಡವೆಂಬುದು ನನ್ನ ಅನಿಸಿಕೆ. (ಮಿದುಳೋ ಮೆದುಳೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ.)

ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. ರಕ್ತದ ಅಥವಾ ಚರ್ಮದ ಕೋಶವನ್ನು ಅದರ ಎಳೆಯ ಸ್ಥಿತಿಗೆ ಮರಳಿಸಿ, ಮತ್ತೆ ಯಾವ ಕೋಶವಾಗಿ ಬೇಕಾದರೂ ಬೆಳೆಯುವಂತೆ ಮಾಡುವ ದಾರಿಯನ್ನು ಜಪಾನಿನ ಶಿನ್ಯಾ ಯಮನಾಕ ತಂಡ 2006ರಲ್ಲಿ ಇಲಿಯ ಕೋಶಗಳಲ್ಲಿ, ಮರುವರ್ಷ ಮನುಷ್ಯರ ಕೋಶಗಳಲ್ಲಿ ತೋರಿಸಿತು. 2012ರ ನೊಬೆಲ್ ಬಂದದ್ದು ಈ ಸಾಲಿನ ಕೆಲಸಕ್ಕೆ. ಅಂಥ ಕೋಶಗಳನ್ನು ಜೆಲ್ ಹನಿಯೊಳಗೆ ಕೂರಿಸಿ, ಪೋಷಕ ದ್ರವದಲ್ಲಿ ಮೆಲ್ಲಗೆ ಕಲಕುತ್ತ ಬೆಳೆಸಿದರೆ ಅವು ತಾವಾಗಿಯೇ ಪದರಗಳಾಗಿ ಜೋಡಣೆಗೊಳ್ಳುತ್ತವೆ. ವಿಯೆನ್ನಾದಲ್ಲಿ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ಕ್ನೋಬ್ಲಿಖ್ 2013ರಲ್ಲಿ ಹೀಗೆ ಬೆಳೆಸಿದ ಆರ್ಗನಾಯ್ಡ್‌ಗಳು ಹೆಚ್ಚೆಂದರೆ 4 ಮಿಲಿಮೀಟರಿನಷ್ಟು. ನೋಡಲು ಗುಲಾಬಿ ದ್ರವದಲ್ಲಿ ತೇಲುವ ಬಿಳಿಯ ಕಾಳು. ಕೆಲವದರ ಮೈಮೇಲೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಕಣ್ಣಿನ ರೆಟಿನಾಕ್ಕೆ ಸೇರಿದ ಬಣ್ಣದ ಕೋಶಗಳು. ರಕ್ತನಾಳಗಳಿಲ್ಲ, ಹಾಗಾಗಿ ಒಂದು ಗಾತ್ರ ದಾಟಿದರೆ ನಡುಭಾಗ ಆಮ್ಲಜನಕ ಸಿಗದೆ ಸಾಯುತ್ತದೆ.

ಇಷ್ಟು ಚಿಕ್ಕದಾದರೂ ಇದರ ಉಪಯೋಗ ದೊಡ್ಡದು. ಹುಟ್ಟಿನಿಂದಲೇ ತಲೆ, ಮೆದುಳು ಸಣ್ಣದಾಗಿರುವ ರೋಗಿಯೊಬ್ಬರ ಕೋಶಗಳಿಂದ ವಿಯೆನ್ನಾದ ಅದೇ ತಂಡ ಆರ್ಗನಾಯ್ಡ್ ಬೆಳೆಸಿದಾಗ, ವಿಭಜನೆ ಮುಂದುವರಿಸಬೇಕಿದ್ದ ಮೂಲಕೋಶಗಳು ಹೊತ್ತಿಗೆ ಮೊದಲೇ ನರಕೋಶಗಳಾಗಿಬಿಟ್ಟದ್ದು ಕಂಡಿತು. ಇಲಿಗಳಲ್ಲಿ ಈ ರೋಗ ಇಷ್ಟು ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಬ್ರೆಜಿಲ್‌ನಲ್ಲಿ ಝೀಕಾ ಹಬ್ಬಿದಾಗ, ಆ ವೈರಸ್ ಇಂಥ ಮೂಲಕೋಶಗಳನ್ನೇ ಹಿಡಿದು ಕೊಲ್ಲುತ್ತದೆ ಎಂಬುದು 2016ರಲ್ಲಿ ಕಂಡದ್ದೂ ಆರ್ಗನಾಯ್ಡ್‌ಗಳಲ್ಲೇ.

ಈಗ ಪದಕ್ಕೆ ಬರುತ್ತೇನೆ. ‘ಕಿರುಮೆದುಳು’ ಎಂಬುದನ್ನು ಕನ್ನಡದಲ್ಲಿ ಎಷ್ಟೋ ಜನ ಆಗಲೇ ಅನುಮಸ್ತಿಷ್ಕಕ್ಕೆ ಬಳಸುತ್ತಾರೆ. ತಲೆಯ ಹಿಂಬದಿಯಲ್ಲಿದ್ದು ನಡಿಗೆ, ಸಮತೋಲ ನೋಡಿಕೊಳ್ಳುವ ಭಾಗ ಅದು. ‘ನಿಮ್ಮ ತಂದೆಯವರ ಕಿರುಮೆದುಳು ಸವೆದಿದೆ, ಅದಕ್ಕೇ ನಡೆಯುವಾಗ ಓಲಾಡುತ್ತಾರೆ’ ಎಂದು ವೈದ್ಯರಿಂದ ಕೇಳಿಬಂದ ಮನೆಯವರ ಕೈಗೆ ‘ನಾವು ಕಿರುಮೆದುಳು ಬೆಳೆಸುತ್ತೇವೆ’ ಎಂಬ ಪತ್ರ ಕೊಟ್ಟರೆ ಅವರು ಏನೆಂದುಕೊಳ್ಳಬೇಕು? ಅದನ್ನು ತಂದು ಜೋಡಿಸುತ್ತಾರೆ ಎಂದೇ. ಇಲ್ಲದ ಆಸೆ ಹುಟ್ಟಿಸಿ ಸಹಿ ಪಡೆದಂತಾಗುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಿರುವುದು ಇದೇ.

ಇನ್ನು, ಅದು ಮೆದುಳೇ ಅಲ್ಲ. ಮನುಷ್ಯರ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆರ್ಗನಾಯ್ಡ್‌ನಲ್ಲಿ ಎಲ್ಲ ಬಗೆಯ ಕೋಶಗಳೂ ಸೇರಿ ಕೆಲವೇ ದಶಲಕ್ಷ. ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಷ್ಕಾ ಮುಂತಾದವರು 2022ರಲ್ಲಿ ಹೆಸರುಗಳ ಬಗ್ಗೆ ಒಮ್ಮತಕ್ಕೆ ಬಂದು, ‘ಮಿನಿ ಬ್ರೇನ್’ ಎನ್ನಬೇಡಿ ಎಂದೇ ಬರೆದರು. ಕ್ಷೇತ್ರದವರೇ ಬಿಟ್ಟ ಹೆಸರನ್ನು ನಾವು ಹೊಸದಾಗಿ ಹೊತ್ತುಕೊಳ್ಳುವುದೇಕೆ?

ಹಾಗಂತ ‘ಕೋಶಗಳ ಉಂಡೆ’ ಎಂದು ತೇಲಿಸಿಬಿಡುವುದೂ ಸರಿಯಲ್ಲ. ತಿಂಗಳುಗಟ್ಟಲೆ ಬೆಳೆಸಿದ ಆರ್ಗನಾಯ್ಡ್‌ಗಳಲ್ಲಿ ವಿದ್ಯುತ್ ಅಲೆಗಳು ಕಂಡಿವೆ. 2022ರಲ್ಲಿ ಪಾಷ್ಕಾ ತಂಡ ಅವನ್ನು ಇಲಿಮರಿಗಳ ಮೆದುಳಿಗೆ ನಾಟಿ ಮಾಡಿತು. ‘ಅದಕ್ಕೆ ನೋವಾಗುತ್ತದೆಯೇ, ಎಲ್ಲಿ ಇಡುತ್ತೀರಿ’ ಎಂದು ಒಬ್ಬ ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪದ ಆ ಪ್ರಶ್ನೆಯನ್ನು ಮುಚ್ಚಬಾರದು.

‘ಮೆದುಳಿನ ಅಂಗಾಂಶ’ ಎಂದಷ್ಟೇ ಹೇಳಿದರೂ ಸಾಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಅಲ್ಲಿರುವುದು ತೀರಿಕೊಂಡವರಿಂದ ಪಡೆದ ಅಂಗಾಂಶ. ಅದೇ ನಿಮ್ಹಾನ್ಸ್, ಬೆಂಗಳೂರಿನವೇ ಆದ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಜತೆಗೂಡಿ, ಮಾನಸಿಕ ಕಾಯಿಲೆ ವಂಶದಲ್ಲಿ ಬಂದಿರುವ ಕುಟುಂಬಗಳವರ ರಕ್ತದಿಂದ ಕಾಂಡಕೋಶಗಳನ್ನು (ಮೇಲೆ ಹೇಳಿದ, ಎಳೆಯ ಸ್ಥಿತಿಗೆ ಮರಳಿಸಿದ ಕೋಶಗಳನ್ನು) ತಯಾರಿಸಿ ಅಧ್ಯಯನ ಮಾಡುತ್ತಿದೆ. ಒಂದೇ ಊರಲ್ಲಿ ಎರಡೂ ನಡೆಯುವಾಗ ‘ಬೆಳೆಸಿದ’ ಎಂಬ ಮಾತು ಬಿಟ್ಟುಹೋಗಬಾರದು. ‘ಅಂಗಾಂಶ ಕೃಷಿ’ ಎಂದರೆ ನಮ್ಮ ಜನಕ್ಕೆ ಬಾಳೆ ಸಸಿಯೇ ನೆನಪಾಗುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ಗೋಳದಂತಿರುವುದು ‘ಗೋಳಾಭ’ ಆಗುವ ಹಾಗೆ ಅಂಗದಂತಿರುವುದು ‘ಅಂಗಾಭ’ ಆಗಬಹುದು. ರಚನೆ ಸರಿಯಾಗಿದೆ, ಪಠ್ಯಪುಸ್ತಕಕ್ಕೆ ಒಪ್ಪುತ್ತದೆ. ಆದರೆ ಜೋರಾಗಿ ಓದಿದಾಗ ಕಿವಿಗೆ ‘ಆಭಾಸ’ ತಾಗುತ್ತದೆ. ‘ಅಂಗಕ’ ಎಂದರೆ ಮನಸ್ಸು ಕೋಶದೊಳಗಿನ ಪುಟ್ಟ ಭಾಗವಾದ ಕಣದಂಗದ (ಆರ್ಗನೆಲ್) ಕಡೆಗೆ ಹೋಗುತ್ತದೆ. ಸದ್ಯ ಪತ್ರದಲ್ಲಿ ಹೀಗೆ ಬರೆದಿದ್ದೇನೆ: ‘ನಿಮ್ಮ ರಕ್ತದ ಕೋಶಗಳಿಂದ, ಮೆದುಳಿನ ಒಂದು ಭಾಗವನ್ನು ಹೋಲುವ, ಕಾಳಿನಷ್ಟು ದೊಡ್ಡ ಜೀವಂತ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸುತ್ತೇವೆ. ಇದಕ್ಕೆ ಆರ್ಗನಾಯ್ಡ್ ಎನ್ನುತ್ತಾರೆ. ಇದನ್ನು ರೋಗಿಗೆ ಜೋಡಿಸುವುದಿಲ್ಲ.’ ಮುಂದೆಲ್ಲ ಆರ್ಗನಾಯ್ಡ್. ಉದ್ದವಾಯಿತು, ಆದರೂ ಒಪ್ಪಿಗೆ ಪತ್ರದಲ್ಲಿ ಉದ್ದ ದೋಷವಲ್ಲ ಎಂದುಕೊಂಡಿದ್ದೇನೆ.

ಜತೆಗೆ ಇನ್ನೊಂದು ತೊಡಕು: ‘ಮಾದರಿ’. ‘ರಕ್ತದ ಮಾದರಿ’ ಎಂದಾಗ ತೆಗೆದ ರಕ್ತ. ‘ರೋಗದ ಮಾದರಿ’ ಎಂದಾಗ ರೋಗವನ್ನು ಅಧ್ಯಯನಕ್ಕೆಂದು ಮರುಸೃಷ್ಟಿಸಿದ್ದು. ಪತ್ರದ ಒಂದೇ ಪುಟದಲ್ಲಿ ಎರಡೂ ಬರುತ್ತವೆ. ‘ಮಾದರಿಯನ್ನು ನಾಶಪಡಿಸಲು ನೀವು ಕೇಳಬಹುದು’ ಎಂಬ ಸಾಲಿನಲ್ಲಿ ಯಾವುದು ಎಂದು ತಿಳಿಯುವುದೇ ಇಲ್ಲ, ಅದು ಓದುವವರ ಹಕ್ಕಿನ ಮಾತು. ಮೊದಲನೆಯದಕ್ಕೆ ‘ತೆಗೆದ ರಕ್ತ’ ಎಂದೇ ಬರೆಯಬಹುದು. ಎರಡನೆಯದಕ್ಕೆ ‘ಪ್ರತಿರೂಪ’ ಒಗ್ಗುತ್ತದೆಯೇ? ಆಸ್ಪತ್ರೆಗಳಲ್ಲಿ ರೋಗಿಗಳ ಜತೆ ದಿನವೂ ಮಾತಾಡುವವರು, ಅದರಲ್ಲೂ ಧಾರವಾಡ, ಕಲಬುರಗಿ ಕಡೆಯವರು, ಅಲ್ಲಿ ಯಾವ ಮಾತು ನಡೆಯುತ್ತದೆ ಎಂದು ದಯವಿಟ್ಟು ತಿಳಿಸಿ.