ಅಪ್‌ಡೇಟ್: ಮೂರಕ್ಕಿಂತ ಹೆಚ್ಚು ಚೆಕ್‌ಬಾಕ್ಸ್ ಆರಿಸದಂತೆ ತಡೆದದ್ದು ಹೀಗೆ

ಕೊಪ್ಪಳದ ಬೇಸಿಗೆ ಶಿಬಿರದ ನೋಂದಣಿ ಫಾರ್ಮ್‌ನಲ್ಲಿ ಮಕ್ಕಳು ಮೂರೇ ತರಗತಿ ಆರಿಸುವಂತೆ ಮಾಡುವುದು ಹೇಗೆಂದು ಕೇಳಿದ್ದೆನಲ್ಲ, ಕೆಲಸ ಆಯಿತು. ಟಿಕ್‌ಗಳನ್ನು ಎಣಿಸಲು ಜಾವಾಸ್ಕ್ರಿಪ್ಟ್‌ನ ‘ಫಾರ್ಮ್.ಎಲಿಮೆಂಟ್ಸ್.ಲೆಂಗ್ತ್’ ಬಳಸಿ ಎಂಬ ಸಲಹೆ ಹೊಂದಲಿಲ್ಲ. ಅದು ಬಟನ್‌ಗಳನ್ನೂ, ಬಾಕ್ಸ್‌ಗಳನ್ನು ಗುಂಪು ಮಾಡುವ ಫೀಲ್ಡ್‌ಸೆಟ್‌ಗಳನ್ನೂ ಸೇರಿಸಿ ಎಣಿಸುತ್ತದೆ. ಹೊಂದುವ ಅಂಶಗಳನ್ನೆಲ್ಲ ಹುಡುಕಿಕೊಡುವ ‘ಕ್ವೆರಿಸೆಲೆಕ್ಟರ್‌ಆಲ್’ಗೆ ‘:ಚೆಕ್ಡ್’ ಕೊಟ್ಟು ಟಿಕ್ ಆದವನ್ನಷ್ಟೇ ಎಣಿಸಿ ಎಂದವರಿಗೆ ದೊಡ್ಡ ನಮಸ್ಕಾರ. ಎಣಿಕೆ ಮೂರಾದ ಕೂಡಲೇ ಉಳಿದವನ್ನು ಡಿಸೇಬಲ್ ಮಾಡುತ್ತೇನೆ, ಅಂದರೆ ಒತ್ತಲಾಗದಂತೆ ಮಂಕಾಗಿಸುತ್ತೇನೆ. ಟಿಕ್ ಆದವನ್ನು ಮಾತ್ರ ಡಿಸೇಬಲ್ ಮಾಡಬೇಡಿ, ಡಿಸೇಬಲ್ ಆದದ್ದು ಸರ್ವರ್‌ಗೆ ಹೋಗುವುದೇ ಇಲ್ಲ.

ತಲೆ ತಿಂದದ್ದು ರೀಸೆಟ್ ಬಟನ್. ಒತ್ತಿದರೆ ಟಿಕ್‌ಗಳೆಲ್ಲ ಅಳಿಯುತ್ತಿದ್ದವು, ಕಿನ್ನಾಳ ಗೊಂಬೆ ತರಗತಿಯ ಬಾಕ್ಸ್ ಮಾತ್ರ ಮಂಕಾಗಿಯೇ ಇರುತ್ತಿತ್ತು! ರೀಸೆಟ್ ಡಿಸೇಬಲ್ ಸ್ಥಿತಿಯನ್ನು ಬದಲಿಸುವುದಿಲ್ಲ. ಬಾಕ್ಸ್ ಬದಲಾಯಿತೆಂದು ಕೋಡ್‌ಗೆ ತಿಳಿಸುವ ಚೇಂಜ್ ಈವೆಂಟನ್ನೂ ಕಳಿಸುವುದಿಲ್ಲ. ರೀಸೆಟ್ ಈವೆಂಟ್ ಬರುವುದೂ ಟಿಕ್ ಅಳಿಯುವ ಮೊದಲೇ. ಹಾಗಾಗಿ ಅದರೊಳಗೆ ಕೆಲಸವನ್ನು ಮುಂದೂಡುವ ‘ಸೆಟ್‌ಟೈಮ್‌ಔಟ್’ಗೆ ಸೊನ್ನೆ ಕೊಟ್ಟು, ಟಿಕ್ ಅಳಿದ ಮೇಲೆ ಮತ್ತೆ ಎಣಿಸುತ್ತಿದ್ದೇನೆ. ಬ್ರೌಸರ್‌ನ ತಡೆಯನ್ನು ಯಾರು ಬೇಕಾದರೂ ದಾಟಬಹುದು. ಅದಕ್ಕೇ ಸರ್ವರ್‌ನಲ್ಲೂ ಎಣಿಕೆ ಇಟ್ಟಿದ್ದೇನೆ.