ಸುಟ್ಟ ಗಾಯ ಆರಿತು, ಆದರೆ ಮೊಣಕೈ ನೆಟ್ಟಗಾಗುತ್ತಿಲ್ಲ. ಯಾಕೆ?

ಭಟ್ಟಿಮನೆ (ದಾವಣಗೆರೆ):
ನಮ್ಮ ತಮ್ಮ ಇಲ್ಲೇ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾನೆ. ಬೇಸಿಗೆಯಲ್ಲಿ ಕಾದ ಮರಳು ಬಿದ್ದು ಬಲಗೈ ಮೊಣಕೈಯ ಒಳಭಾಗ ಸುಟ್ಟಿತು. ಡ್ರೆಸ್ಸಿಂಗ್ ಮಾಡಿಸುತ್ತಾ ಮಾಡಿಸುತ್ತಾ ಗಾಯ ಪೂರ್ತಿ ಒಣಗಿತು. ಮುಗಿಯಿತಪ್ಪ ಅಂದುಕೊಂಡೆವು. ಈಗ ನೋಡಿದರೆ ಕೈ ಚಾಚೋಕೆ ಆಗುತ್ತಿಲ್ಲ, ಸುಟ್ಟ ಜಾಗದಲ್ಲಿ ದಪ್ಪ ಪಟ್ಟಿ ಥರ ಎದ್ದು ಬಿಗಿ ಹಿಡಿದಿದೆ. ಮನೆಯಲ್ಲಿ ಹಿರಿಯರು ನರ ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ಜೋರಾಗಿ ಎಳೆದರೆ ಬಿಡುತ್ತದೆ ಅನ್ನುತ್ತಾರೆ. ಗಾಯ ಆರಿದ ಮೇಲೆ ಎಳೆತ ಕಮ್ಮಿಯಾಗಬೇಕು ಅಲ್ವಾ? ದಿನ ಹೋದಂತೆ ಜಾಸ್ತಿ ಯಾಕೆ ಆಗುತ್ತಿದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಫಿಸಿಯೋ ಅಕ್ಕ:
ಮೊದಲು ಒಂದು ಮಾತು, ಜೋರಾಗಿ ಎಳೆಯಬೇಡಿ! ಎಳೆದರೆ ಕಲೆ ಹರಿಯುತ್ತದೆ, ಹರಿದಲ್ಲಿ ಮತ್ತೆ ಗಾಯ, ಮತ್ತೆ ಬಿಗಿತ. ಮೊಣಕೈ ಸುಟ್ಟ ಕೆಲವರಲ್ಲಿ ಕೀಲಿನ ಸುತ್ತ ಬೇಡದ ಮೂಳೆಯೂ ಬೆಳೆಯುತ್ತದೆ, ಅದಕ್ಕೇ ಒಂದು ಎಕ್ಸ್-ರೇ ಮಾಡಿಸಿಕೊಳ್ಳಿ.

ಮೇಲ್ನೋಟಕ್ಕೆ ಇದು ನರದ ತೊಂದರೆ ಅನ್ನಿಸುತ್ತಿಲ್ಲ. ಕೈಯನ್ನು ನಿಧಾನಕ್ಕೆ ಚಾಚಿಸಿ, ಆ ಪಟ್ಟಿಯನ್ನೇ ನೋಡಿ. ಅದು ಬಿಗಿದು ಬಿಳಿಚಿಕೊಂಡರೆ ಹಿಡಿದಿರುವುದು ಕಲೆಯೇ. ಇದನ್ನು ಕಾಂಟ್ರ್ಯಾಕ್ಚರ್ ಅನ್ನುತ್ತಾರೆ. ನಿಮ್ಮ ತಮ್ಮ ನೋವಿಗೆ ಕೈ ಮಡಚಿ ಎದೆಗೆ ಒತ್ತಿಕೊಂಡೇ ಇದ್ದಿರಬೇಕು, ಎಲ್ಲರೂ ಹಾಗೇ ಇರುತ್ತಾರೆ. ಯಾವ ಭಂಗಿಯಲ್ಲಿ ಹಾಯೆನಿಸುತ್ತದೋ ಆ ಭಂಗಿಯಲ್ಲೇ ಕಲೆ ಗಟ್ಟಿಯಾಗುತ್ತದೆ. ರಾತ್ರಿ ಕೈ ನೆಟ್ಟಗಿಡುವ ಸ್ಪ್ಲಿಂಟ್, ಹಗಲು ದಿನಕ್ಕೆ ಹಲವು ಸಲ ನಿಧಾನಕ್ಕೆ ಚಾಚಿ ಸ್ವಲ್ಪ ಹೊತ್ತು ಹಿಡಿಯುವುದು, ಇದು ಬೇಕೇ ಬೇಕು. ಎಣ್ಣೆ ಹಚ್ಚಿ ಮೆಲ್ಲಗೆ ನೀವಲಿ, ಚರ್ಮ ಮೆತ್ತಗಿರುತ್ತದೆ, ಆದರೆ ಬರೀ ಎಣ್ಣೆಯಿಂದ ಕೈ ನೆಟ್ಟಗಾಗಲ್ಲ.

ಕೋಟೆ ಮೇಷ್ಟ್ರು (ಚಿತ್ರದುರ್ಗ):
ಅಕ್ಕ ಹೇಳಿದ್ದು ಸರಿ. "ಯಾಕೆ" ಅನ್ನುವುದಕ್ಕೆ ನಾನು ಉತ್ತರಿಸುತ್ತೇನೆ, ಶರೀರಶಾಸ್ತ್ರ ಪಾಠ ಮಾಡುವವನು, ನನಗೆ ತುಂಬ ಇಷ್ಟದ ವಿಷಯ.

ಎಳೆಯುವುದು ಮಾಂಸಖಂಡದ ಕೆಲಸ ಮಾತ್ರ ಅಂದುಕೊಂಡಿರುತ್ತೇವೆ. ಹಾಗಲ್ಲ. ಆಕ್ಟಿನ್, ಮಯೋಸಿನ್ ಅನ್ನುವ ಎರಡು ಪ್ರೋಟೀನ್ ಒಂದರ ಮೇಲೊಂದು ಜಾರಿದಾಗ ಎಳೆತ ಹುಟ್ಟುತ್ತದೆ, ಇವು ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇವೆ. 1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಜೊತೆಗಾರರು ತೆಳ್ಳನೆ ಸಿಲಿಕೋನ್ ರಬ್ಬರ್ ಹಾಳೆ ಮೇಲೆ ಜೀವಕೋಶ ಬೆಳೆಸಿದಾಗ ಹಾಳೆಯೇ ಸುಕ್ಕುಗಟ್ಟಿತು. ಕಣ್ಣಿಗೆ ಕಾಣದ ಒಂದು ಕೋಶಕ್ಕೆ ಅಷ್ಟು ಬಲ!

ಗಾಯವಾದಾಗ ಚರ್ಮದಲ್ಲಿ ನಾರು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳು ರೂಪ ಬದಲಿಸಿ ಮಯೋಫೈಬ್ರೊಬ್ಲಾಸ್ಟ್ ಆಗುತ್ತವೆ. 1971ರಲ್ಲಿ ಗಬಿಯಾನಿ, ರಯಾನ್, ಮಯ್ನೊ ಇವನ್ನು ಗುರುತಿಸಿದರು. ಗಾಯದ ಅಂಚುಗಳನ್ನು ಒಳಕ್ಕೆಳೆದು ಬಾಯಿ ಚಿಕ್ಕದು ಮಾಡುವುದು ಇವೇ. ಅಂದರೆ ನಿಮ್ಮ ತಮ್ಮನ ಗಾಯ ಮುಚ್ಚಿದ್ದರಲ್ಲೂ ಇವುಗಳ ಪಾಲಿದೆ, ಈಗ ಕೈ ಹಿಡಿದಿರುವುದೂ ಇವೇ. ಮಾಂಸಖಂಡ ಕ್ಷಣದಲ್ಲಿ ಬಿಗಿದು ಕ್ಷಣದಲ್ಲಿ ಸಡಿಲಾಗುತ್ತದೆ. ಇವು ಹಾಗಲ್ಲ. ಗಾಡಿಗೆ ಹುಲ್ಲು ಹೇರಿ ಹಗ್ಗ ಬಿಗಿಯುವಾಗ ಒಂದಿಷ್ಟು ಎಳೆದು, ಸಡಿಲಾಗದಂತೆ ಹಿಡಿದು, ಮತ್ತೊಂದಿಷ್ಟು ಎಳೆಯುತ್ತಾರಲ್ಲ, ಆ ಥರ ಇವು ಎಳೆದಷ್ಟನ್ನೂ ಕೊಲಾಜೆನ್ ನಾರು ಹಾಕಿ ಭದ್ರ ಮಾಡುತ್ತಾ ಹೋಗುತ್ತವೆ. ಆಮೇಲೆ ಕೋಶ ಸತ್ತರೂ ಗಿಡ್ಡವಾದ ಚರ್ಮ ಗಿಡ್ಡವಾಗಿಯೇ ಉಳಿಯುತ್ತದೆ.

ಸಣ್ಣ ಗಾಯದಲ್ಲಿ ಕೆಲಸ ಮುಗಿದ ಮೇಲೆ ಇವು ತಾವಾಗೇ ಸಾಯುತ್ತವೆ. ಆಳದ ಸುಟ್ಟ ಗಾಯದಲ್ಲಿ ಸಾಯದೆ ತಿಂಗಳುಗಟ್ಟಲೆ ಉಳಿಯುತ್ತವೆ. ಇವನ್ನು ಎಬ್ಬಿಸುವ ಟಿಜಿಎಫ್-ಬೀಟಾ ಅನ್ನುವ ವಸ್ತು ಸುತ್ತಲಿನ ನಾರಿನಲ್ಲೇ ಅಡಗಿರುತ್ತದೆ, ಕೋಶ ಎಳೆದಾಗ ಅದು ಬಿಡುಗಡೆಯಾಗುತ್ತದೆ, ಜಾಗ ಗಟ್ಟಿಯಾದಷ್ಟೂ ಬಿಡುಗಡೆ ಸುಲಭ. ಹೀಗೆ ಎಳೆತವೇ ಎಳೆತವನ್ನು ಬೆಳೆಸುತ್ತದೆ. ದಿನ ಹೋದಂತೆ ಜಾಸ್ತಿಯಾಗುವುದು ಇದರಿಂದ. ಲಿವರ್ ಸಿರೋಸಿಸ್‌ನಲ್ಲಿ, ಶ್ವಾಸಕೋಶ ನಾರುಗಟ್ಟುವ ಕಾಯಿಲೆಯಲ್ಲಿ ನಡೆಯುವುದೂ ಹೆಚ್ಚು ಕಡಿಮೆ ಇದೇ. ಆದರೆ ಹೃದಯಾಘಾತದ ನಂತರ ಸತ್ತ ಜಾಗವನ್ನು ಬಿಗಿಯಾಗಿ ಹೊಲಿದಂತೆ ಹಿಡಿದು ಗೋಡೆ ಒಡೆಯದಂತೆ ಕಾಯುವುದೂ ಇವೇ ಕೋಶಗಳು, ಹಾಗಾಗಿ ಇವನ್ನು ಶತ್ರು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಭಟ್ಟಿಮನೆ:
ತುಂಬ ಥ್ಯಾಂಕ್ಸ್ ಸರ್, ಅಕ್ಕಾ. ಇನ್ನೊಂದು ಕೇಳಲೇ? ಅಪ್ಪನಿಗೆ ಹೊಗೆಯಲ್ಲಿ ನಿಂತರೆ ಉಬ್ಬಸ ಬರುತ್ತದೆ, ಪಂಪ್ ಹೊಡೆದರೆ ಸರಿಹೋಗುತ್ತದೆ. ಅದೂ ಬಿಗಿತವೇ ಅಲ್ವಾ? ಹಾಗಾದರೆ ತಮ್ಮನ ಕೈಗೆ ಅಂಥ ಔಷಧಿ ಇಲ್ವಾ? ಆಪರೇಷನ್ ಮಾಡಿಸಿದರೆ ಮತ್ತೆ ಎಳೆಯುತ್ತದಾ?

ಕೋಟೆ ಮೇಷ್ಟ್ರು:
ಒಳ್ಳೆ ಪ್ರಶ್ನೆ. ಉಬ್ಬಸದಲ್ಲಿ ಬಿಗಿಯುವುದು ಶ್ವಾಸನಾಳದ ಸುತ್ತ ಇರುವ ನಿಜವಾದ ಸ್ನಾಯು. ಅದರ ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ ಬಿಗಿಯುತ್ತದೆ, ಇಳಿದರೆ ಸಡಿಲ. ಇಂಥ ಪಂಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ಸಾಲ್ಬುಟಮಾಲ್ ಅನ್ನುವ ಔಷಧಿ ಅದನ್ನು ನಿಮಿಷಗಳಲ್ಲಿ ಸಡಿಲ ಮಾಡುತ್ತದೆ. ಕಲೆಯಲ್ಲಿ ನಾರೇ ಗಿಡ್ಡವಾಗಿ ಹೆಣೆದುಕೊಂಡಿದೆ, ಸಡಿಲ ಮಾಡೋಕೆ ಅಲ್ಲಿ ಸ್ನಾಯು ಇಲ್ಲ. (ಅಪ್ಪನಿಗೆ ಪಂಪ್ ಪದೇ ಪದೇ ಬೇಕಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ, ನಾಳದ ಒಳಗಿನ ಊತಕ್ಕೆ ಬೇರೆ ಔಷಧಿ ಬೇಕಾಗುತ್ತದೆ.)

ಫಿಸಿಯೋ ಅಕ್ಕ:
ಆಪರೇಷನ್ ಬಗ್ಗೆ ನಾನು ಹೇಳುತ್ತೇನೆ. ಪ್ಲಾಸ್ಟಿಕ್ ಸರ್ಜನ್ ಕಲೆಯನ್ನು ಬಿಡಿಸಿ ಬೇರೆ ಕಡೆಯ ಚರ್ಮ ಹಾಕುತ್ತಾರೆ, ಕಿರಿದಾದ ಪಟ್ಟಿಯಾದರೆ ಝಡ್ ಆಕಾರದಲ್ಲಿ ಕತ್ತರಿಸಿ ಉದ್ದ ಮಾಡುವುದೂ ಉಂಟು. ತೆಳು ಚರ್ಮ ಹಾಕಿದರೆ ಮತ್ತೆ ಎಳೆಯುವುದು ಜಾಸ್ತಿ, ಪೂರ್ತಿ ದಪ್ಪದ ಚರ್ಮವಾದರೆ ಕಮ್ಮಿ. ಯಾವುದಾದರೂ ಆಪರೇಷನ್ ಆದ ಮೇಲೂ ಸ್ಪ್ಲಿಂಟ್ ತಪ್ಪಲ್ಲ, ಮನೆಗೆ ಬಂದು ಬಿಚ್ಚಿಟ್ಟವರ ಕೈ ಮತ್ತೆ ಮಡಚಿದ್ದನ್ನು ನೋಡಿದ್ದೇನೆ. ಕಲೆ ಕೆಂಪಗೆ, ಗಟ್ಟಿಯಾಗಿ ಇರುವವರೆಗೆ ಅದಿನ್ನೂ ಬದಲಾಗುತ್ತಿದೆ ಅಂತ ತಿಳಿಯಿರಿ, ತಣ್ಣಗಾಗೋಕೆ ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ನಿಮ್ಮ ತಮ್ಮನಿಗೆ ಇನ್ನೂ ಸಮಯವಿದೆ. ಈ ವಾರವೇ ಕರೆದುಕೊಂಡು ಹೋಗಿ, ಸ್ಪ್ಲಿಂಟ್ ಅಳತೆಗೆ ಮಾಡಿಸಿ, ಅಲ್ಲಿಯವರೆಗೆ ಮಡಚಿದ ಕೈ ದಿಂಬಿನ ಮೇಲಿಟ್ಟು ಮಲಗುವುದು ಬೇಡ.